ಪದ್ಮತ್ತೆಯ ಏಳು ಕೋಟೆಗಳು

ವಡೋದರಾದ ಫತೇಗಂಜಿನಲ್ಲಿದ್ದ ನಮ್ಮ ಹೋಟೆಲಿನ ಷಟರು ಮಧ್ಯಾಹ್ನ ಮೂರಕ್ಕೆ ಅರ್ಧ ಇಳಿಯುತ್ತಿತ್ತು. ಹಾಸ್ಟೆಲುಗಳ ವಿದ್ಯಾರ್ಥಿಗಳು ನಾಲ್ಕೂವರೆಗೆ ಮತ್ತೆ ಬಂದು ದೋಸೆ ಕೇಳುವ ತನಕ ಕಾವಲಿ ತಣ್ಣಗಿರುತ್ತಿತ್ತು. ಅಪ್ಪ ಗಲ್ಲಾದ ಹಿಂದಿನ ಬೆಂಚಿನ ಮೇಲೆ ಮುಖಕ್ಕೆ ಟವೆಲು ಹಾಕಿಕೊಂಡು ಮಲಗುತ್ತಿದ್ದರು. ನಾವು ಇದ್ದದ್ದು ಹೋಟೆಲಿನ ಮೇಲೆಯೇ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದಷ್ಟು ಕಿರಿದಾದ ಮೆಟ್ಟಿಲು, ಎರಡು ಕೋಣೆ, ಒಂದು ಅಡುಗೆಮನೆ, ಅದರಾಚೆ ಟೆರೇಸು. ಕೆಳಗೆ ಸಾಂಬಾರು ಕುದಿಯತೊಡಗಿದರೆ ಮೇಲೆ ನಮ್ಮ ಹಾಸಿಗೆ, ನನ್ನ ಶಾಲೆಯ ಪುಸ್ತಕ, ದೇವರ ಪಟ ಎಲ್ಲಕ್ಕೂ ಅದೇ ಪರಿಮಳ. ಹಿಂದಿನ ಗಲ್ಲಿಯ ಹೇತಲ್ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ನನ್ನ ಜಡೆ ಮೂಸಿ ಇವತ್ತು ನಿಮ್ಮ ಹೋಟೆಲಿನಲ್ಲಿ ಏನು ಮಾಡಿದ್ದಾರೆ ಎಂದು ಅವಳು ಸರಿಯಾಗಿ ಹೇಳುತ್ತಿದ್ದಳು.

ನನ್ನ ಬಾಲ್ಯದಲ್ಲಿ ನನಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ನಾನು ಆಡುತ್ತಿರಲಿಲ್ಲ. ಶಾಲೆಯದು ಗುಜರಾತಿ, ಹೋಟೆಲಿನದು ಹಿಂದಿ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಇವೆರಡರಲ್ಲಿ ಯಾವುದೋ ಒಂದರಲ್ಲಿ ಉತ್ತರ ಕೊಡುತ್ತಿದ್ದೆ. ಅದಕ್ಕೊಂದು ಕಾರಣವಿತ್ತು. ಎಂಟು ವರ್ಷದವಳಿದ್ದಾಗ ಒಂದು ಮದುವೆಗೆಂದು ಉಡುಪಿ ಕಡೆಯ ನಮ್ಮ ಊರಿಗೆ ಹೋಗಿದ್ದೆವು. ಅಲ್ಲಿ ನಾನು ದೊಡ್ಡಪ್ಪನ ಮಕ್ಕಳ ಎದುರು ‘ನಂಗೆ ಹಸಿವು ಲಾಗಿದೆ’ ಎಂದುಬಿಟ್ಟೆ. ಗುಜರಾತಿಯಲ್ಲಿ ಹಸಿವು ‘ಲಾಗು’ವುದು, ಕನ್ನಡದಲ್ಲಿ ಆಗುವುದು, ಇಷ್ಟೇ ವ್ಯತ್ಯಾಸ. ಮದುವೆ ಮುಗಿಯುವವರೆಗೆ ಯಾರು ಸಿಕ್ಕಿದರೂ ನನಗೆ ಏನಾದರೂ ‘ಲಾಗಿದೆಯಾ’ ಎಂದು ಕೇಳಿ ನಗುತ್ತಿದ್ದರು. ವಾಪಸು ಬರುವ ರೈಲಿನಲ್ಲಿ ಇನ್ನು ಈ ಭಾಷೆಯ ಸಹವಾಸವೇ ಬೇಡ ಎಂದು ತೀರ್ಮಾನಿಸಿದೆ. ಅಮ್ಮ ಬೈದು ನೋಡಿದಳು, ಅಪ್ಪ ಐಸ್‌ಕ್ರೀಮಿನ ಆಸೆ ತೋರಿಸಿದರು. ಆಮೇಲೆ ಇಬ್ಬರೂ ಸುಮ್ಮನಾದರು.

ಅದರ ಮರುವರ್ಷ ದೀಪಾವಳಿ ಕಳೆದ ಮೇಲೆ ಪದ್ಮತ್ತೆ ಬಂದರು. ಅಪ್ಪನ ಅಕ್ಕ. ಗಂಡನ ಮನೆಯಲ್ಲಿ ಆರು ವರ್ಷ ಇದ್ದು, ಮಕ್ಕಳಾಗಲಿಲ್ಲವೆಂದು ವಾಪಸು ಕಳಿಸಲ್ಪಟ್ಟು, ದೊಡ್ಡಪ್ಪನ ಮನೆಯಲ್ಲಿ ಹತ್ತು ವರ್ಷ ಕಳೆದವರು. ನನಗೆ ಆಗ ಗೊತ್ತಿದ್ದದ್ದು ಇಷ್ಟೇ, ಅದೂ ದೊಡ್ಡವರು ಮಾತಾಡುವಾಗ ಕಿವಿಗೆ ಬಿದ್ದದ್ದು. ಹೋಟೆಲಿಗೆ ಉಪ್ಪಿನಕಾಯಿ, ಚಟ್ನಿಪುಡಿ ಮಾಡಲು ಒಂದು ಕೈ ಆಗುತ್ತದೆ ಎಂದು ಅಪ್ಪ ಕರೆಸಿಕೊಂಡಿದ್ದರು. ಅತ್ತೆಗೆ ಗುಜರಾತಿ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಒಂದು ಟ್ರಂಕು ಹಿಡಿದು ನನ್ನ ಕೋಣೆಗೆ ಬಂದು, ನನ್ನ ಮಂಚದ ಎದುರಿನ ಗೋಡೆಗೆ ಚಾಪೆ ಹಾಸಿಕೊಂಡರು. ಹೀಗೆ ಕನ್ನಡ ಬಿಟ್ಟು ಬೇರೇನೂ ಬಾರದವರು ಒಬ್ಬರು, ಕನ್ನಡ ಆಡುವುದಿಲ್ಲವೆಂದು ಹಟ ಹಿಡಿದವಳು ಒಬ್ಬಳು, ಒಂದೇ ಕೋಣೆಯಲ್ಲಿ ಸೇರಿಕೊಂಡೆವು.

ಅಡುಗೆಮನೆಯಲ್ಲಿ ಮೊದಲ ದಿನವೇ ಜಗಳ ಶುರುವಾಯಿತು. ಅಮ್ಮ ವಡೋದರಾದಲ್ಲಿ ಹನ್ನೆರಡು ವರ್ಷ ಕಳೆದವಳು. ಅವಳ ಬೇಳೆಗೆ ಬೆಲ್ಲ ಬೀಳುತ್ತಿತ್ತು, ಸಂಜೆಗೆ ರೊಟ್ಟಿ, ಭಾನುವಾರ ಖಿಚಡಿ ಮತ್ತು ಕಢಿ. ಪದ್ಮತ್ತೆ ಎಲ್ಲಕ್ಕೂ ತೆಂಗಿನಕಾಯಿ ಅರೆದು ಹಾಕುವವರು. ಇಬ್ಬರೂ ದನಿ ಏರಿಸುವವರಲ್ಲ. ಅಮ್ಮ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅತ್ತೆ ಊಟಕ್ಕೆ ಕೊನೆಯಲ್ಲಿ ಕೂತು ಬೇಗ ಏಳುತ್ತಿದ್ದರು. ಅಮ್ಮನ ದೊಡ್ಡ ದೂರು ಬೇರೆಯೇ ಇತ್ತು. ಅತ್ತೆ ಬೆಳಗ್ಗೆ ಟೆರೇಸಿಗೆ ಬಟ್ಟೆ ಒಣಹಾಕಲು ಹೋದವರು ನೀರಿನ ಟ್ಯಾಂಕಿನ ಪಕ್ಕ ನಿಂತು ಸೋಮವಾರ, ಮಂಗಳವಾರ ಎಂದು ಏನೇನೋ ಹೇಳಿಕೊಳ್ಳುತ್ತಿರುತ್ತಾರೆ, ಅಕ್ಕಪಕ್ಕದ ಮನೆಯವರು ನೋಡುತ್ತಾರೆ ಎಂದು ಅಮ್ಮ ಅಪ್ಪನ ಹತ್ತಿರ ಹೇಳುವುದನ್ನು ನಾನೂ ಕೇಳಿದ್ದೆ. ಅಪ್ಪ ಅದಕ್ಕೆ, ಹೊಸ ಜಾಗ, ಸರಿಹೋಗುತ್ತದೆ ಅಂದಿದ್ದರು.

ಅವರ ಟ್ರಂಕಿನಲ್ಲಿ ನಾಲ್ಕು ಸೀರೆಗಳ ಕೆಳಗೆ ಒಂದು ದಪ್ಪ ಪುಸ್ತಕವಿತ್ತು. ರಟ್ಟಿಲ್ಲ, ಮೊದಲ ಎಂಟು ಪುಟಗಳಿಲ್ಲ. ಹಾಗಾಗಿ ಅದರ ಹೆಸರೇನು, ಬರೆದವರು ಯಾರು ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ. ಒಂಬತ್ತನೆಯ ಪುಟದಲ್ಲಿ, ಅದೂ ಅರ್ಧ ವಾಕ್ಯದಿಂದ ಶುರುವಾಗುತ್ತಿತ್ತು: ‘ಎಂದು ಹೇಳಿ ಕುದುರೆಯನ್ನು ಬಿಟ್ಟುಬಿಟ್ಟನು.’ ಹೋಟೆಲಿನ ಷಟರು ಇಳಿದ ಮೇಲೆ ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತು ಅದನ್ನು ದನಿ ತೆಗೆದು ಓದುತ್ತಿದ್ದರು. ನನಗೆಂದು ಓದುತ್ತಿರಲಿಲ್ಲ. ನಾನು ಮಂಚದ ಮೇಲೆ ಬೋರಲಾಗಿ ಲೆಕ್ಕ ಮಾಡುತ್ತಿದ್ದೆ. ಆದರೆ ಕಿವಿ ಮುಚ್ಚಿಕೊಳ್ಳಲು ಆಗುವುದಿಲ್ಲವಲ್ಲ. ಮೂರನೆಯ ದಿನ ಒಬ್ಬ ರಾಜ ಬಂದ. ಕಲ್ಲುಗಣಿಗಳ ರಾಜ, ಗೇಣುರಾಯ. ಅವನ ಎತ್ತರ ಮೂರು ಗೇಣು, ಮೀಸೆ ನಾಲ್ಕು ಗೇಣು. ನಡೆದರೆ ಮೀಸೆ ನೆಲ ಗುಡಿಸುತ್ತದೆಂದು ಅದನ್ನು ಹಿಡಿದು ನಡೆಯಲು ಇಬ್ಬರು ಆಳುಗಳು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಪುಸ್ತಕದಿಂದ ಕಣ್ಣೆತ್ತದೆ, ಗೇಣು ಎಂದರೆ ಎಷ್ಟು ಗೊತ್ತಾ ಎಂದು ಕೇಳಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಅಗಲಿಸಿ ತೋರಿಸಿದರು. ನಾನು ಮಂಚದಿಂದ ಇಳಿದು ನನ್ನನ್ನೇ ಅಳೆದುಕೊಂಡೆ.

ಅಲ್ಲಿಂದ ಆ ನಾಡು ನಮ್ಮ ಕೋಣೆಯೊಳಗೆ ಬಂದು ನೆಲೆಸಿತು. ಅದು ಏಳು ಕೋಟೆಗಳ ನಾಡು. ಅದರ ನಡುವೆ ಮೇಲ್ಹೊಳೆ ಎಂಬ ನದಿ. ಅದು ಸಮುದ್ರದಲ್ಲಿ ಹುಟ್ಟಿ ಬೆಟ್ಟದ ಕಡೆಗೆ ಹರಿಯುತ್ತದೆ. ತಾಮ್ರಜಿಹ್ವೆ ಎಂಬ ಮಾಟಗಾತಿ ಇದ್ದಾಳೆ. ಅವಳ ನಾಲಗೆ ತಾಮ್ರದ್ದು, ಮಾತಾಡಿದರೆ ಕೊಡ ಬಡಿದಂತೆ ಕೇಳಿಸುತ್ತದೆ. ಅವಳು ಯಾವುದರ ಹೆಸರನ್ನು ಮೂರು ಸಲ ಹೇಳುತ್ತಾಳೋ ಅದು ಅವಳದಾಗುತ್ತದೆ. ಹಾಗೆ ಅವಳು ಒಂದು ಕೋಟೆಯಿಂದ ನೆರಳನ್ನು, ಒಂದರಿಂದ ಉಪ್ಪನ್ನು, ಒಂದರಿಂದ ಸದ್ದನ್ನು, ಒಂದರಿಂದ ಬಾಗಿಲುಗಳನ್ನು, ಉಳಿದೆರಡರಿಂದ ನಿದ್ದೆಯನ್ನೂ ಬೆಂಕಿಯನ್ನೂ ಕೊಂಡುಹೋಗಿದ್ದಾಳೆ. ಏಳನೆಯ ಕೋಟೆ ಅವಳದೇ. ಕದ್ದದ್ದೆಲ್ಲ ಅಲ್ಲಿದೆ. ಅದನ್ನೆಲ್ಲ ಬಿಡಿಸಿ ತರಲು ಹೇಮಾಂಗ ಎಂಬ ರಾಜಕುಮಾರ ಹೊರಟಿದ್ದಾನೆ. ನನಗೆ ಯಾವ ಕೋಟೆ ಎಲ್ಲಿ ಎಂದು ಗೊಂದಲವಾದಾಗ ಅತ್ತೆ ಅಡುಗೆಮನೆಯಿಂದ ಮಸಾಲೆ ಡಬ್ಬಿ ತಂದರು. ದುಂಡಗಿನ ಡಬ್ಬಿಯೊಳಗೆ ಏಳು ಬಟ್ಟಲು, ಆರು ಸುತ್ತ, ಒಂದು ನಡುವೆ. ಜೀರಿಗೆಯ ಕೋಟೆಯಿಂದ ಅರಸಿನದ ಕೋಟೆಗೆ ಬೆಂಕಿಕಡ್ಡಿಯ ಹೇಮಾಂಗ ನಡೆದು ಹೋದ. ಅಂದು ಸಂಜೆ ಒಗ್ಗರಣೆಗೆ ಡಬ್ಬಿ ತೆರೆದ ಅಮ್ಮನಿಗೆ ಸಾಸಿವೆಯಲ್ಲಿ ಮೆಣಸಿನಪುಡಿ, ಮೆಣಸಿನಪುಡಿಯಲ್ಲಿ ಬೆಂಕಿಕಡ್ಡಿ ಸಿಕ್ಕಿತು. ಎರಡು ದಿನ ಪಾತ್ರೆಗಳ ಸದ್ದು ಜೋರಾಗಿಯೇ ಇತ್ತು.

ನಾನು ಮನಸ್ಸು ಕೊಟ್ಟದ್ದು ಮಾತ್ರ ಮಿಂಚುಳ್ಳಿಗೆ. ಮೇಲ್ಹೊಳೆಯಲ್ಲಿ ದೋಣಿ ನಡೆಸುವ ಹುಡುಗಿ, ನನ್ನದೇ ವಯಸ್ಸು. ಕೋಪ ಬಂದರೆ ಬೆನ್ನಿನ ಮೇಲೆ ನೀಲಿ ಗರಿ ಏಳುತ್ತಿತ್ತು. ಅವಳ ದೋಣಿ ಹತ್ತಬೇಕೆಂದರೆ ಯಾರಿಗೂ ಹೇಳದ ಒಂದು ನಿಜವನ್ನು ಅವಳ ಕಿವಿಯಲ್ಲಿ ಹೇಳಬೇಕು. ಹೇಮಾಂಗ ತನಗೆ ಕತ್ತಲೆಂದರೆ ಹೆದರಿಕೆ ಎಂದು ಹೇಳಿ ದೋಣಿ ಹತ್ತಿದ. ಆಚೆ ದಡ ತಲುಪಿದ ಮೇಲೆ, ಇಷ್ಟು ಹೆದರುವವನನ್ನು ಒಬ್ಬನೇ ಬಿಡುವುದು ಹೇಗೆ ಎಂದು ಮಿಂಚುಳ್ಳಿಯೂ ಜೊತೆಗೆ ಹೊರಟಳು. ಮುಂದೆ ಎಲ್ಲ ಕೋಟೆಗಳಲ್ಲೂ ಉಪಾಯ ಅವಳದೇ, ಕತ್ತಿ ಮಾತ್ರ ಅವನದು. ನಾನು ಮಂಚದ ಮೇಲೆ ಕೂತು ಲಟ್ಟಣಿಗೆಯಿಂದ ಹುಟ್ಟು ಹಾಕುತ್ತಿದ್ದೆ. ಅತ್ತೆಯ ಹತ್ತಿರ ಪ್ರಶ್ನೆ ಕೇಳದೆ ಇರಲು ಆಗುತ್ತಿರಲಿಲ್ಲ, ಅವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ನನ್ನ ಹಟ ಎಂದು ಮುರಿಯಿತೋ ನೆನಪಿಲ್ಲ. ಮಿಂಚುಳ್ಳಿಗೆ ಹಸಿವು ‘ಲಾಗಿತಾ’ ಎಂದು ನಾನು ಕೇಳಿದಾಗ ಅತ್ತೆ ನಗಲಿಲ್ಲ, ತಿದ್ದಲೂ ಇಲ್ಲ. ಅವಳಿಗೆ ಹಸಿವಾಗಿ ಬುತ್ತಿ ಬಿಚ್ಚಿದಳು ಎಂದು ಮುಂದಿನ ವಾಕ್ಯ ಓದಿದರು.

ಆ ಕಥೆಯನ್ನು ನಾನು ಹೇತಲ್‌ಗೆ ಹೇಳಿದೆ. ಅವಳು ಬೇರೆಯವರಿಗೆ ಹೇಳಿದಳು. ಉತ್ತರಾಯಣದ ಗಾಳಿಪಟಗಳು ಮುಗಿಯುವ ಹೊತ್ತಿಗೆ ಹೇತಲ್‌ ಮನೆಯ ಜಗಲಿಯ ಮೇಲೆ ದಿನಾ ಸಂಜೆ ಐದಾರು ಮಕ್ಕಳು ಕಾಯುತ್ತಿದ್ದರು. ಮಧ್ಯಾಹ್ನ ಕನ್ನಡದಲ್ಲಿ ಕೇಳಿದ್ದನ್ನು ಸಂಜೆ ನಾನು ಗುಜರಾತಿಯಲ್ಲಿ ಹೇಳುತ್ತಿದ್ದೆ. ಕೆಲವು ಪದಗಳಿಗೆ ಅಲ್ಲಿ ಜೋಡಿ ಸಿಗುತ್ತಿರಲಿಲ್ಲ. ‘ಗೇಣು’ವಿಗೆ ಸಿಕ್ಕಿತು, ‘ಬುತ್ತಿ’ಗೆ ಕಷ್ಟಪಟ್ಟೆ, ಮೇಲ್ಹೊಳೆಯನ್ನು ಹಾಗೆಯೇ ಇಟ್ಟುಕೊಂಡೆ. ನಾನು ನಿಲ್ಲಿಸಿದಲ್ಲೆಲ್ಲ ಅವರು ‘ಪಛೀ?’ ಎನ್ನುತ್ತಿದ್ದರು, ಆಮೇಲೆ ಏನಾಯಿತು ಎಂದು. ಹೇತಲ್‌ಳ ಅಜ್ಜಿ, ನಾವೆಲ್ಲ ಗುಜರಾತಿಯಲ್ಲಿ ‘ಬಾ’ ಎಂದು ಕರೆಯುತ್ತಿದ್ದವರು, ಬಾಗಿಲಲ್ಲಿ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತು ಕೇಳುತ್ತಿದ್ದರು.

ಮಾರ್ಚಿನಲ್ಲಿ ಊರಿನಿಂದ ಫೋನು ಬಂತು. ಪದ್ಮತ್ತೆಯ ಅತ್ತೆ, ಎಂದರೆ ಗಂಡನ ತಾಯಿ, ತೀರಿಕೊಂಡಿದ್ದರು. ಸಂಬಂಧ ಹೇಗೇ ಇರಲಿ, ಸೊಸೆ ಹದಿಮೂರು ದಿನ ಅಲ್ಲಿರಬೇಕು ಎಂದು ದೊಡ್ಡಪ್ಪ ಹೇಳಿದರು. ಅತ್ತೆ ಟ್ರಂಕು ತೆಗೆದುಕೊಂಡು ಹೋಗಲಿಲ್ಲ, ಒಂದು ಕೈಚೀಲ ಸಾಕೆಂದರು. ಕಥೆ ನಾಲ್ಕನೆಯ ಕೋಟೆಯಲ್ಲಿ ನಿಂತಿತ್ತು. ಹದಿಮೂರು ದಿನ ಕಳೆಯಿತು, ತಿಂಗಳಾಯಿತು, ಅವರು ಬರಲಿಲ್ಲ. ದೊಡ್ಡಪ್ಪ ಮತ್ತೆ ಫೋನು ಮಾಡಿದರು. ಪದ್ಮಳ ಮಾವ ಹಾಸಿಗೆ ಹಿಡಿದಿದ್ದಾರೆ, ಮನೆಯಲ್ಲಿ ಹೆಣ್ಣುದಿಕ್ಕಿಲ್ಲ. ಹಳೆಯದನ್ನೆಲ್ಲ ಮರೆತು ಅವಳನ್ನು ಮತ್ತೆ ಸೇರಿಸಿಕೊಳ್ಳಲು ಅವರು ಒಪ್ಪಿದ್ದಾರೆ. ಸದ್ಯ ಅವಳು ನಮ್ಮಲ್ಲಿ ಇದ್ದಾಳೆ, ಒಳ್ಳೆಯ ದಿನ ನೋಡಿ ಕಳಿಸುತ್ತೇವೆ ಎಂದರು. ಅಪ್ಪನಿಗೆ ಸಮಾಧಾನವಾದಂತೆ ಕಂಡಿತು. ಅಡುಗೆಮನೆ ಅಮ್ಮನಿಗೆ ಪೂರ್ತಿ ಮರಳಿ ಸಿಕ್ಕಿತ್ತು.

ಜಗಲಿಯ ಮಕ್ಕಳು ನನ್ನನ್ನು ಬಿಡಲಿಲ್ಲ. ಬೇಸಿಗೆ ರಜೆ ಶುರುವಾದ ದಿನ ನಾನು ಟ್ರಂಕಿನಿಂದ ಪುಸ್ತಕ ತೆಗೆದೆ. ಕನ್ನಡದ ಅಕ್ಷರ ನನಗೆ ನಾಲ್ಕೈದು ಗೊತ್ತಿದ್ದವು, ಹೋಟೆಲಿನ ಬೋರ್ಡಿನಲ್ಲಿದ್ದಷ್ಟು. ಅಡುಗೆಮನೆಗೆ ಹೋಗಿ ಅಮ್ಮನ ಎದುರು ಪುಸ್ತಕ ಹಿಡಿದು ಓದಲು ಕಲಿಸು ಎಂದೆ. ಅಮ್ಮ ಪುಸ್ತಕವನ್ನು ನೋಡದೆ ನನ್ನನ್ನು ನೋಡಿದಳು. ನಾನು ಕೇಳಿದ್ದು ಕನ್ನಡದಲ್ಲಿ ಎಂಬುದು ನನಗೆ ಆಮೇಲೆ ಹೊಳೆಯಿತು. ಅಮ್ಮ ಏಳನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು. ತಟ್ಟೆಯಲ್ಲಿ ರವೆ ಹರಡಿ, ಅದರ ಮೇಲೆ ಬೆರಳಿನಿಂದ ಬರೆಸಿದಳು. ಮೂರು ವಾರದಲ್ಲಿ ಒತ್ತಕ್ಷರಗಳು ಬಂದವು. ಅದುವರೆಗೂ ಅಮ್ಮ ನನ್ನ ಜೊತೆ ಅಷ್ಟು ಹೊತ್ತು ಕೂತದ್ದಿರಲಿಲ್ಲ. ಅವಳಿಗೂ ಬಹಳ ವರ್ಷಗಳಿಂದ ಓದಿ ರೂಢಿ ತಪ್ಪಿತ್ತು. ಇಬ್ಬರೂ ಒಂದೇ ಸಾಲಿನ ಮೇಲೆ ಬೆರಳಿಟ್ಟು, ಒಬ್ಬರನ್ನೊಬ್ಬರು ಕಾಯುತ್ತ ಓದುತ್ತಿದ್ದೆವು.

ನಾನು ಮೊದಲು ಹುಡುಕಿದ್ದು ಮಿಂಚುಳ್ಳಿಯನ್ನು. ಗೇಣುರಾಯ ಸಿಕ್ಕಿದ, ಮೀಸೆ ಹಿಡಿಯುವ ಆಳುಗಳೂ ಸಿಕ್ಕಿದರು. ನದಿ ಬಂತು. ಅಲ್ಲಿ ಇದ್ದದ್ದು ಇಷ್ಟು: ‘ದೋಣಿ ನಡೆಸುವ ಹುಡುಗಿಯೊಬ್ಬಳು ಹೇಮಾಂಗನನ್ನು ಆಚೆಯ ದಡಕ್ಕೆ ಮುಟ್ಟಿಸಿದಳು. ಅವನು ಅವಳಿಗೆ ಒಂದು ಹೊನ್ನನ್ನು ಕೊಟ್ಟು ಮುಂದಕ್ಕೆ ನಡೆದನು.’ ಅವಳಿಗೆ ಹೆಸರಿರಲಿಲ್ಲ. ಗರಿ ಇರಲಿಲ್ಲ. ನಾನು ಪುಟ ಹರಿದಿರಬೇಕು ಎಂದುಕೊಂಡು ಪುಟಸಂಖ್ಯೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಕೊನೆಯವರೆಗೆ ಮಗುಚಿ ಹುಡುಕಿದೆ. ಎಲ್ಲೂ ಅವಳು ಮತ್ತೆ ಬರಲಿಲ್ಲ. ಅಳು ಬಂತು. ಅತ್ತೆ ಸುಳ್ಳು ಹೇಳಿದರು, ಇಡೀ ಗಲ್ಲಿಯ ಎದುರು ನನ್ನಿಂದಲೂ ಸುಳ್ಳು ಹೇಳಿಸಿದರು ಎಂದು ಕೂಗಾಡಿದೆ. ಅಮ್ಮ ಪುಸ್ತಕ ತೆಗೆದುಕೊಂಡು, ಮತ್ತೇನೆಲ್ಲ ಇಲ್ಲ ನೋಡುವ ಎಂದಳು. ಸದ್ದಿಲ್ಲದ ಕೋಟೆಯ ಪುಟ ತೆಗೆದೆ. ಅದೂ ಅರ್ಧ ಪುಟ. ಹೇಮಾಂಗ ಗಂಟೆ ಬಾರಿಸುತ್ತಾನೆ, ಸದ್ದು ಮರಳುತ್ತದೆ, ರಾಣಿ ಸಂತೋಷದಿಂದ ರತ್ನಹಾರ ಕೊಡುತ್ತಾಳೆ. ಅತ್ತೆ ಅದನ್ನೇ ಒಂದು ವಾರ ಹೇಳಿದ್ದರು. ಹಾಗಾದರೆ ಅವರು ಹೇಗೆ ಹೇಳಿದ್ದು ಹೇಳು ಎಂದಳು ಅಮ್ಮ.

ನಾನು ಹೇಳಿದೆ. ಆ ಕೋಟೆಯಲ್ಲಿ ಎಲ್ಲರೂ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ರಾಣಿಗೆ ಮಾತ್ರ ಯಾರೂ ಸನ್ನೆ ಮಾಡಬಾರದೆಂದು ಅಪ್ಪಣೆಯಾಗಿತ್ತು. ಅವಳು ಬಡಿಸಿದ್ದನ್ನು ಉಂಡು ತಟ್ಟೆ ದೂಡಿ ಏಳುತ್ತಿದ್ದರು, ಅವಳ ಮುಖ ನೋಡುತ್ತಿರಲಿಲ್ಲ. ಹೀಗೆ ಎರಡು ವರ್ಷ. ಮಾತು ಮರೆತುಹೋದೀತೆಂದು ರಾಣಿಗೆ ಭಯವಾಯಿತು. ದಿನಾ ಬೆಳಗ್ಗೆ ಹಿತ್ತಲಿನ ಬಾವಿಗೆ ಬಗ್ಗಿ ಒಂದೊಂದೇ ಪದ ಹೇಳುತ್ತಿದ್ದಳು. ವಾರದ ಹೆಸರು, ತಿಂಗಳ ಹೆಸರು, ತರಕಾರಿಗಳ ಹೆಸರು, ತಮ್ಮಂದಿರ ಹೆಸರು. ಆ ಬಾವಿಯ ಆಳಕ್ಕೆ ಮಾತ್ರ ಮಾಟ ಮುಟ್ಟಿರಲಿಲ್ಲ, ಅದು ಒಂದೊಂದನ್ನೂ ತಿರುಗಿ ಹೇಳುತ್ತಿತ್ತು. ಒಂದು ದಿನ ಬಾವಿ ಅವಳು ಹೇಳದ ಒಂದು ಪದ ಹೇಳಿತು: ಹೊರಡು. ಬಾವಿಯ ನೀರೂ ಮೇಲ್ಹೊಳೆಯ ನೀರೂ ಒಂದೇ, ಹಾಗಾಗಿ ಅದನ್ನು ಹೇಳಿದವಳು ಮಿಂಚುಳ್ಳಿ. ರಾಣಿ ಗಂಟೆಗೂ ಹೇಮಾಂಗನಿಗೂ ಕಾಯದೆ ಬಾಗಿಲು ತೆಗೆದು ನಡೆದುಬಿಟ್ಟಳು.

ಇಷ್ಟುದ್ದ ನಾನು ಅಮ್ಮನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಅಮ್ಮ ಅಕ್ಕಿ ಆರಿಸುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

“ವಾರದ ಹೆಸರು ಹೇಳ್ತಿದ್ಳು ಅಂತ ಹೇಳಿದ್ರಾ ಅತ್ತೆ? ಸರಿ ನೆನಪುಂಟಾ ನಿಂಗೆ?”

ನೆನಪಿದೆ ಎಂದೆ. ಅಮ್ಮ ಎದ್ದು ಟೆರೇಸಿಗೆ ಹೋದಳು. ನೀರಿನ ಟ್ಯಾಂಕಿನ ಹತ್ತಿರ ಬಿಸಿಲಲ್ಲಿ ಸುಮಾರು ಹೊತ್ತು ನಿಂತಿದ್ದಳು. ಆಮೇಲೆ ನನ್ನ ಕೈ ಹಿಡಿದು ಮೆಟ್ಟಿಲಿಳಿದು ಹೋಟೆಲಿಗೆ ಕರೆದುಕೊಂಡು ಬಂದಳು. ಅಪ್ಪ ಬೆಂಚಿನ ಮೇಲೆ ಮಲಗಿದ್ದರು. ಆ ಹೊತ್ತಿನಲ್ಲಿ ಅವರನ್ನು ಎಬ್ಬಿಸುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಅಮ್ಮ ಟವೆಲು ತೆಗೆದಳು.

“ಅತ್ತಿಗೆಗೆ ಆ ಮನೆಗೆ ಹೋಗ್ಲಿಕ್ಕೆ ಮನಸ್ಸುಂಟಾ ಅಂತ ನೀವು ಯಾರಾದ್ರೂ ಕೇಳಿದ್ರಾ?”

“ಅದ್ರಲ್ಲಿ ಕೇಳ್ಲಿಕ್ಕೆ ಎಂತ ಉಂಟು? ಅವಳ ಮನೆ ಅಲ್ವಾ ಅದು.”

“ಆ ಮನೆಯಲ್ಲಿ ಎರಡು ವರ್ಷ ಅವರ ಹತ್ರ ಯಾರೂ ಒಂದು ಮಾತಾಡ್ಲಿಲ್ಲ. ಗೊತ್ತುಂಟಾ ನಿಮಗೆ?”

ಅಪ್ಪ ಎದ್ದು ಕೂತು, ನಿನಗೆ ಯಾರು ಹೇಳಿದ್ದು ಎಂದರು. ಅಮ್ಮ ನನ್ನನ್ನು ಮುಂದೆ ತಳ್ಳಿದಳು. ಖಾಲಿ ಟೇಬಲುಗಳ ನಡುವೆ ನಿಂತು ರಾಣಿಯ ಕಥೆಯನ್ನು ಎರಡನೆಯ ಸಲ ಹೇಳಿದೆ. ತಮ್ಮಂದಿರ ಹೆಸರು ಬಂದಾಗ ಅಪ್ಪ ತಲೆ ಬಗ್ಗಿಸಿದರು. ಇದು ಕಥೆ ಅಲ್ಲವಾ ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. ಅವರಾಗಿಯೇ ಶುರುಮಾಡಿದರು. ಸೂರತ್‌ನಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಒಮ್ಮೆ ರಜೆಗೆ ಊರಿಗೆ ಹೋದಾಗ ಅಕ್ಕನನ್ನು ನೋಡಲು ಆ ಮನೆಗೆ ಹೋಗಿದ್ದರಂತೆ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರಂತೆ. ಅಕ್ಕ ಒಳಗೆ ಬರಲೇ ಇಲ್ಲ, ಹಿತ್ತಲಲ್ಲಿ ಬಾವಿಕಟ್ಟೆ ಹಿಡಿದು ನಿಂತಿದ್ದು ಬಾಗಿಲಿನಿಂದ ಕಂಡಿತಂತೆ.

“ಹೋಗಿ ಮಾತಾಡ್ಸಬಹುದಿತ್ತು. ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬಂದೆ ನಾನು.”

ಅಪ್ಪ ಅಳುವುದನ್ನು ನಾನು ನೋಡಿದ್ದು ಅಂದೇ. ಅಮ್ಮ ಅವರಿಗೆ ನೀರು ಕೊಟ್ಟಳು, ಸಮಾಧಾನ ಹೇಳಲಿಲ್ಲ. ಗಲ್ಲಾದ ಮೇಲಿದ್ದ ಫೋನು ಎಳೆದುಕೊಂಡು ದೊಡ್ಡಪ್ಪನ ಮನೆಗೆ ಹಚ್ಚಿ, ಅತ್ತಿಗೆಯನ್ನು ಕರೆಯಿರಿ ಎಂದಳು. ನಾನು ಅವಳ ಸೊಂಟಕ್ಕೆ ಅಂಟಿ ನಿಂತಿದ್ದೆ. ಆ ಫೋನಿನಲ್ಲಿ ಆಚೆಯವರ ಮಾತು ಪಕ್ಕದವರಿಗೂ ಕೇಳುತ್ತಿತ್ತು.

“ಅತ್ತಿಗೆ, ನಾನು ಸುಮತಿ. ಆ ಬಾವಿ ನಿಮ್ಮದೇನಾ?”

ನಾನು ಕಿವಿಯನ್ನು ಫೋನಿಗೆ ಇನ್ನಷ್ಟು ಹತ್ತಿರ ತಂದೆ.

“ಹೌದು,” ಎಂದರು ಅತ್ತೆ.

“ನಿಮಗೆ ಅಲ್ಲಿಗೆ ಹೋಗ್ಬೇಕು ಅಂತ ಉಂಟಾ?”

“ಇಲ್ಲ ಸುಮತಿ.”

“ಹಾಗಾದ್ರೆ ಅಲ್ಲಿ ಹಾಗೇ ಹೇಳಿ. ಇವರು ನಾಳೆ ಹೊರಡ್ತಾರೆ.”

ಅಪ್ಪ ಮರುದಿನವೇ ರೈಲು ಹತ್ತಿದರು. ಎಂಟು ದಿನ ಹೋಟೆಲಿನ ಗಲ್ಲಾದಲ್ಲಿ ಅಮ್ಮ ಕೂತಳು. ಹಾಸ್ಟೆಲಿನ ಹುಡುಗರು ಅವಳನ್ನು ಮಾಸಿ ಎಂದು ಕರೆಯತೊಡಗಿದರು. ಊರಿನಲ್ಲಿ ನಡೆದದ್ದನ್ನು ಅಪ್ಪ ಬಂದ ಮೇಲೆ ಹೇಳಿದರು. ದೊಡ್ಡಪ್ಪನ ಚಾವಡಿಯಲ್ಲಿ ಆ ಮನೆಯವರೂ ನಾಲ್ಕು ಜನ ಹಿರಿಯರೂ ಸೇರಿದ್ದರಂತೆ. ಅಪ್ಪ ಏನು ಹೇಳಬೇಕೆಂದು ರೈಲಿನುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದರಂತೆ. ಆದರೆ ಅವರು ಬಾಯಿ ತೆರೆಯುವ ಮೊದಲು ಅತ್ತೆ ಒಳಗಿನಿಂದ ಬಂದು, ಕಂಬದ ಮರೆಗೆ ನಿಲ್ಲದೆ ಗಂಡನ ಎದುರಿಗೇ ನಿಂತು, ನಾನು ಬರುವುದಿಲ್ಲ, ನಿಮ್ಮ ತಂದೆಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದರಂತೆ. ದೊಡ್ಡಪ್ಪ ಸಿಟ್ಟಾಗಿ ಅಪ್ಪನ ಜೊತೆ ಎರಡು ವರ್ಷ ಮಾತು ಬಿಟ್ಟರು. ಅಪ್ಪ ಅದಕ್ಕೆ ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ.

ಅತ್ತೆ ಬಂದ ದಿನ ಅಮ್ಮ ಕುಚ್ಚಲಕ್ಕಿ ಗಂಜಿ ಮಾಡಿ, ತೆಂಗಿನಕಾಯಿ ಚಟ್ನಿ ಅರೆದಿದ್ದಳು. ಇಬ್ಬರೂ ಜೊತೆಗೆ ಕೂತು ಉಂಡರು. ಅಡುಗೆಮನೆಯಲ್ಲಿ ಮೇಲಿನ ಎರಡು ಶೆಲ್ಫುಗಳು ಖಾಲಿಯಾಗಿದ್ದವು. ಅತ್ತೆ ಕೇಳದೆಯೇ ತಮ್ಮ ಭರಣಿಗಳನ್ನು ಅಲ್ಲಿಟ್ಟರು. ನನಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಮರುದಿನ ಮೂರು ಗಂಟೆಗೆ ಅವರು ಗೋಡೆಗೆ ಒರಗಿ ಕೂತಾಗ ನಾನು ಪುಸ್ತಕದ ಆ ಪುಟ ತೆಗೆದು ಅವರ ಮಡಿಲಲ್ಲಿಟ್ಟೆ.

“ಮಿಂಚುಳ್ಳಿ ಇದ್ರಲ್ಲಿ ಇಲ್ಲ. ನಾನೇ ಓದಿದೆ.”

ನಾನು ಓದಿದೆ ಎಂಬುದೇ ಅವರಿಗೆ ದೊಡ್ಡದಾಗಿ ಕಂಡಿರಬೇಕು. ಎಲ್ಲಿ ಓದು ಎಂದರು. ಓದಿದೆ. ‘ಹೊನ್ನನ್ನು’ ಎಂಬಲ್ಲಿ ತಡವರಿಸಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು.

“ಮತ್ತೆ ಇದ್ದಾಳಲ್ಲ,” ಎಂದರು. “ನಾನು ಇದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲ ಇಲ್ಲಿಗೆ ಬಂದಾಗ, ಇವನು ಆಚೆ ಹೋದ, ಈ ಹುಡುಗಿ ಎಲ್ಲಿಗೆ ಹೋದ್ಳು ಅಂತ ಅನ್ನಿಸ್ತಿತ್ತು. ಬರೆದವ್ರು ಹೇಳ್ಲಿಲ್ಲ. ನಿನ್ನ ಹತ್ರ ಓದುವಾಗ ಬಾಯಿಗೆ ಬಂತು, ಹೇಳಿದೆ. ನೀನು ನಗಾಡಿದೆ, ಮತ್ತೆ ಹೇಳಿದೆ. ತಪ್ಪಾಯ್ತಾ ಮಗಾ?”

ದೊಡ್ಡವರು ಯಾರೂ ನನ್ನ ಹತ್ತಿರ ಹಾಗೆ ಕೇಳಿರಲಿಲ್ಲ. ತಪ್ಪಾಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವಳ ಹೆಸರು ಎಲ್ಲಿಂದ ತಂದಿರಿ ಎಂದು ಕೇಳಿದೆ. ಊರಿನ ಹೊಳೆಯಲ್ಲಿ ಮೀನಿಗೆ ಎರಗುವ ನೀಲಿ ಹಕ್ಕಿಯ ಹೆಸರು ಅದು ಎಂದರು. ನಾನು ಆ ಹಕ್ಕಿಯನ್ನು ನೋಡಿಯೇ ಇರಲಿಲ್ಲ. ಅದು ಹೇಗೆ ಕೂರುತ್ತದೆ, ಹೇಗೆ ನೇರ ಕೆಳಗೆ ಬೀಳುತ್ತದೆ ಎಂದು ಅವರು ಕೈಯಲ್ಲಿ ಮಾಡಿ ತೋರಿಸುತ್ತಿದ್ದಂತೆ ನನ್ನ ಸಿಟ್ಟು ಎಲ್ಲಿ ಹೋಯಿತೋ. ಉಳಿದ ಕೋಟೆಗಳನ್ನು ನಾವು ಹಾಗೆಯೇ ದಾಟಿದೆವು. ನಾನು ಪುಸ್ತಕದಲ್ಲಿದ್ದದ್ದನ್ನು ಓದುವುದು, ಅತ್ತೆ ಅದರಲ್ಲಿಲ್ಲದ್ದನ್ನು ಹೇಳುವುದು. ಕೆಲವು ಸಲ ನಾನೂ ಹೇಳುತ್ತಿದ್ದೆ. ನಿದ್ದೆಯಿಲ್ಲದ ಕೋಟೆಯವರಿಗೆ ಗೇಣುರಾಯ ತನ್ನ ಮೀಸೆ ಕತ್ತರಿಸಿ ದಿಂಬು ಮಾಡಿಕೊಟ್ಟದ್ದು ನನ್ನ ಕಲ್ಪನೆ. ಅತ್ತೆ ಅದನ್ನು ಬಹಳ ಮೆಚ್ಚಿದರು. ಮೂರನೆಯ ಕಿವಿಯಾಗಿ ಅಮ್ಮನೂ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂರತೊಡಗಿದಳು. ಪುಸ್ತಕದಲ್ಲಿ ಹೇಗಿದೆ ಎಂಬುದಕ್ಕಿಂತ ಹೀಗಾದರೆ ಹೇಗೆ ಎಂದು ಅವಳು ಹೆಚ್ಚು ಕೇಳುತ್ತಿದ್ದಳು.

ನಾನು ಈಗ ಅಹಮದಾಬಾದಿನಲ್ಲಿದ್ದೇನೆ. ಶಾಲೆಯಲ್ಲಿ ಪಾಠ ಹೇಳುತ್ತೇನೆ, ಬಿಡುವಿನಲ್ಲಿ ಕನ್ನಡದ ಕಥೆಗಳನ್ನು ಗುಜರಾತಿಗೆ ತರುತ್ತೇನೆ. ಮೂಲಕ್ಕೆ ನಿಷ್ಠಳಾಗಿರುವುದು ಹೇಗೆ ಎಂದು ಯಾರಾದರೂ ಕೇಳಿದರೆ ಮಾತಿಗೆ ತಡಕಾಡುತ್ತೇನೆ. ನನಗೆ ಕಲಿಸಿದವರು ನಿಷ್ಠೆಯನ್ನು ಇಟ್ಟುಕೊಂಡದ್ದು ಎರಡು ವಾಕ್ಯದಲ್ಲಿ ಬಂದು ಹೋಗುವ ಹುಡುಗಿಗೆ. ಪದ್ಮತ್ತೆ ಮತ್ತೆ ಊರಿಗೆ ವಾಸಕ್ಕೆ ಹೋಗಲಿಲ್ಲ. ಅಪ್ಪನ ನಂತರ ಹೋಟೆಲನ್ನು ಅವರೂ ಅಮ್ಮನೂ ಸೇರಿ ನಡೆಸಿದರು, ಈಗಲೂ ಬೆಳಗ್ಗೆ ಸಾಂಬಾರಿನ ರುಚಿ ನೋಡದೆ ಯಾರನ್ನೂ ಬಡಿಸಲು ಬಿಡುವುದಿಲ್ಲ. ಇಬ್ಬರೂ ಬೆಲ್ಲದ ವಿಷಯಕ್ಕೆ ಇನ್ನೂ ಜಗಳವಾಡುತ್ತಾರೆ.

ಆದರೆ ಆ ವರ್ಷದ ಮಳೆಗಾಲವೇ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಥೆ ಕೊನೆಯ ಕೋಟೆಗೆ ಬಂದಿತ್ತು. ಹೇಳುವವರು ಅತ್ತೆಯೇ ಎಂದು ಗೊತ್ತಾಗಿ ಮಕ್ಕಳು ಅವರನ್ನೇ ಕರೆದುಕೊಂಡು ಬಾ ಎಂದು ಹಟ ಹಿಡಿದರು. ಅತ್ತೆ ಸೀರೆಯ ಸೆರಗು ಸರಿಮಾಡಿಕೊಂಡು ಹೇತಲ್‌ ಮನೆಯ ಜಗಲಿಗೆ ಬಂದು ಕೂತರು. ಅವರು ಕನ್ನಡದಲ್ಲಿ ಒಂದು ಮಾತು ಹೇಳುವುದು, ನಾನು ನಿಂತು ಅದನ್ನು ಗುಜರಾತಿಯಲ್ಲಿ ಹೇಳುವುದು. ಮೂರು ಸಂಜೆ ಹೀಗೆ ನಡೆಯಿತು. ನಾಲ್ಕನೆಯ ಸಂಜೆ ಹೇಮಾಂಗ ಮತ್ತು ಮಿಂಚುಳ್ಳಿ ತಾಮ್ರಜಿಹ್ವೆಯ ಎದುರು ಬಂದು ನಿಂತರು. ಅವಳಿಗೆ ಏನಾಗಬೇಕು ಎಂದು ಮಕ್ಕಳೆಲ್ಲ ಆಗಲೇ ನಿರ್ಧರಿಸಿಬಿಟ್ಟಿದ್ದರು. ಪುಸ್ತಕದಲ್ಲೂ ಹಾಗೆಯೇ ಇತ್ತು, ಒಂದೇ ಏಟು. ಅತ್ತೆ ಇನ್ನೂ ಯೋಚಿಸುತ್ತಿದ್ದರು. ನಾನು ಕಾಯಲಾರದೆ, ಕೇಳುವವರ ಖುಷಿಗೆ, ಹೇಮಾಂಗ ಕತ್ತಿ ಬೀಸಿದ, ಮಾಟಗಾತಿ ಸತ್ತುಬಿದ್ದಳು ಎಂದು ಗುಜರಾತಿಯಲ್ಲಿ ಹೇಳಿಯೇಬಿಟ್ಟೆ. ಮಕ್ಕಳು ಚಪ್ಪಾಳೆಗೆ ಕೈ ಎತ್ತಿದ್ದರು.

“ನಾ,” ಎಂದರು ಅತ್ತೆ. “ಮರೀ ನಥೀ ಗಈ.”

ಇಲ್ಲ, ಸತ್ತಿಲ್ಲ. ಅದು ಗುಜರಾತಿ. ಅವರು ಯಾವಾಗ ಕಲಿತರೋ, ಯಾರಿಂದ ಕಲಿತರೋ, ಬಹುಶಃ ದಿನಾ ನನ್ನ ಬಾಯಿಂದಲೇ ಕೇಳಿ ಕೇಳಿ. ಚಪ್ಪಾಳೆಯ ಕೈಗಳು ಹಾಗೇ ನಿಂತವು. ಹೇತಲ್‌ಳ ಅಜ್ಜಿ ಬಾ ಮೆಂತ್ಯೆಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿ, “ಪಛೀ?” ಎಂದರು.

ಅತ್ತೆ ನನ್ನ ಕಡೆ ನೋಡಲಿಲ್ಲ. ಬಾ ಅವರನ್ನೇ ನೋಡುತ್ತ, ಲಿಂಗ ವಚನ ಒಂದೂ ಸರಿಯಿಲ್ಲದ ಗುಜರಾತಿಯಲ್ಲಿ, ಸಿಗದ ಪದಕ್ಕೆ ಕನ್ನಡ ಸೇರಿಸಿ, ಅದೂ ಸಾಲದಿದ್ದರೆ ಕೈ ಮಾಡಿ, ತಾಮ್ರಜಿಹ್ವೆ ಸಣ್ಣ ಹುಡುಗಿಯಾಗಿದ್ದಾಗ ಏನಾಯಿತೆಂದು ಹೇಳಲು ಶುರುಮಾಡಿದರು. ಯಾರೂ ನಗಲಿಲ್ಲ. ಅದನ್ನು ನಾನೂ ಕೇಳಿರಲಿಲ್ಲ. ಅನುವಾದ ಮಾಡಲು ಏನೂ ಉಳಿದಿರಲಿಲ್ಲವಾದ್ದರಿಂದ ನಾನು ನಿಂತಲ್ಲಿಂದ ಬಂದು, ಹೇತಲ್‌ಳನ್ನು ಸ್ವಲ್ಪ ಆಚೆ ಸರಿಸಿ, ಮಕ್ಕಳ ಜೊತೆ ಕೂತು ಕೇಳತೊಡಗಿದೆ.